ಭಾನುವಾರದ ಬಕೆಟ್
2024ರ ಬೇಸಿಗೆಯ ನೀರಿನ ಬವಣೆಯನ್ನು ಕಂಡಮೇಲೂ ಬೆಂಗಳೂರಿನಲ್ಲಿ ಒಂದು ಬಕೆಟ್ ನೀರಿನ ಬೆಲೆ ತಿಳಿಯದವರಿದ್ದಾರೆ. ಅವರಲ್ಲೊಬ್ಬ ನನ್ನ ರೂಮ್‌ಮೇಟ್. ಭಾನುವಾರ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಚರ್ಚಿನಲ್ಲಿ ಬಲಿಪೂಜೆಗೆ, ಅಂದರೆ ವಾರದ ಆರಾಧನೆಗೆ, ಹೋಗುವ ಮುನ್ನ ಮೀಯಲೆಂದು ನಾನು ಶನಿವಾರ ರಾತ್ರಿಯೇ, ನಲ್ಲಿ ನಿಲ್ಲುವ ಮೊದಲು, ತುಂಬಿಸಿ ಮುಚ್ಚಿಟ್ಟ ನೀರಿನಲ್ಲಿ ಈ ಮಹಾಶಯ ನಸುಕಿಗೆದ್ದು ತನ್ನ ಜೀನ್ಸ್ ನೆನೆಸುತ್ತಾನೆ. (ವಾರದ ಉಳಿದ ಆರು ದಿನ ಎಂಟಕ್ಕೆ ಮೊದಲು ಏಳುವವನಲ್ಲ.) ಕೇಳಿದರೆ, 'ನಿಮ್ಮ ಯೇಸು ನೀರನ್ನೇ ದ್ರಾಕ್ಷಾರಸ ಮಾಡಿದವನಲ್ಲವೇ, ನಿನಗೇಕೆ ಚಿಂತೆ?' ಎಂದು ನಗುತ್ತಾನೆ. ಯೇಸು ಆ ಪವಾಡ ಮಾಡಿದ ಕಾನಾ ಊರಿನ ಮದುವೆಯಲ್ಲೂ ಮೊದಲು ಆರು ಕಲ್ಲಿನ ಬಾನೆಗಳಿಗೆ ಕಂಠದವರೆಗೆ ನೀರು ತುಂಬಿಸಬೇಕಾಯಿತೆಂದು ಅವನಿಗೆ ವಿವರಿಸುವಷ್ಟರಲ್ಲಿ ನನ್ನ ಬಸ್ಸು ಹೊರಟುಹೋಗಿರುತ್ತದೆ. ಕಳೆದ ಭಾನುವಾರ ಕುಡಿಯುವ ನೀರಿನ ಕ್ಯಾನಿನಿಂದಲೇ ಮುಖ ತೊಳೆದು ಓಡಿದೆ.