ದೋಣಿಯ ಸೀಮೆಎಣ್ಣೆ, ಒಲೆಯ ಗ್ಯಾಸ್: ಸಬ್ಸಿಡಿ ನಿಲ್ಲಬೇಕೇ?

ಪರ: ಎಣ್ಣೆಯ ಹೆಸರಿನ ಹಣ ಎಣ್ಣೆಗೇ ಹೋಗುತ್ತದೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಕಡಲತೀರದಲ್ಲಿ ನಾಡದೋಣಿಗಳಿಗೆ ಕಟ್ಟುವ ಎಂಜಿನ್‌ಗಳಲ್ಲಿ ಹೆಚ್ಚಿನವು ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುತ್ತವೆ. ಆ ಸೀಮೆಎಣ್ಣೆಗೆ ಕೇರಳ ಸರ್ಕಾರ ಮೀನುಗಾರರ ಸಹಕಾರಿ ಒಕ್ಕೂಟವಾದ ಮತ್ಸ್ಯಫೆಡ್ ಮೂಲಕ ಲೀಟರಿಗೆ 25 ರೂಪಾಯಿ ಸಬ್ಸಿಡಿ ಕೊಡುತ್ತಾ ಬಂದಿದೆ. ಹೆಸರಿಗೆ ಅದು ಮೀನುಗಾರನ ಹಣ. ಆದರೆ ಬೆಳಗಿನ ಜಾವ ಟ್ಯಾಂಕಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಹೊಗೆಯಾಗಿ ಹೋಗಿರುತ್ತದೆ. ಅವನ ಮನೆಗೆ ಏನು ಉಳಿಯಿತು?

ಬೂತಾಯಿ ಮೀನನ್ನೇ ನೋಡಿ. 2012ರಲ್ಲಿ ಕೇರಳದ ಬಲೆಗಳಿಗೆ ಸುಮಾರು 3.9 ಲಕ್ಷ ಟನ್ ಬಿದ್ದಿತ್ತು. 2021ರಲ್ಲಿ ಮೂರೂವರೆ ಸಾವಿರ ಟನ್ನೂ ಸಿಗಲಿಲ್ಲ. ಮೀನಿಲ್ಲದ ವರ್ಷ ದೋಣಿ ಮರಳಿನ ಮೇಲೆಯೇ ಇರುತ್ತದೆ, ಸೀಮೆಎಣ್ಣೆ ಖರ್ಚಾಗುವುದಿಲ್ಲ, ಸಬ್ಸಿಡಿಯೂ ಬರುವುದಿಲ್ಲ. ಹಣ ಬೇಕಾದದ್ದು ಆಗಲೇ ಅಲ್ಲವೇ? ಅದೇ ಮೊತ್ತವನ್ನು ಕುಟುಂಬದ ಲೆಕ್ಕದಲ್ಲಿ ಖಾತೆಗೆ ಹಾಕಿದರೆ ಬಲೆ ಹೆಣೆಸಿಕೊಳ್ಳಲಿ, ಮಕ್ಕಳ ಫೀಸು ಕಟ್ಟಲಿ, ಬೇಕಿದ್ದರೆ ಎಣ್ಣೆಯನ್ನೇ ಕೊಳ್ಳಲಿ. ಆಯ್ಕೆ ಅವನದಾಗುತ್ತದೆ.

ಲೀಟರಿನ ಲೆಕ್ಕದ ಸಹಾಯ ಹೆಚ್ಚು ಸುಡುವವನಿಗೇ ಹೆಚ್ಚು ಸಲ್ಲುತ್ತದೆ. 2012-13ರಲ್ಲಿ ಕೇಂದ್ರದ ಬೊಕ್ಕಸದಿಂದ ಪೆಟ್ರೋಲಿಯಂ ಸಬ್ಸಿಡಿಗೆ ಹೋದದ್ದು ಸುಮಾರು 97 ಸಾವಿರ ಕೋಟಿ ರೂಪಾಯಿ. ಡೀಸೆಲ್ ಕಾರಿನವರು, ಜನರೇಟರ್ ಇಟ್ಟುಕೊಂಡವರು ಅದರಲ್ಲಿ ಧಾರಾಳವಾಗಿ ಪಾಲು ಪಡೆದರು. ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸಬೇಕಾಗಿ ಬಂದದ್ದು ಅದು ಡೀಸೆಲ್ ಟ್ಯಾಂಕರ್ ಸೇರುತ್ತಿದ್ದುದರಿಂದ. ಇಂಥ ಕಲಬೆರಕೆಯನ್ನು ಹಿಡಿಯಲು ಹೋದ ಮಹಾರಾಷ್ಟ್ರದ ಮಾಲೇಗಾಂವ್‌ನ ಹೆಚ್ಚುವರಿ ಜಿಲ್ಲಾಧಿಕಾರಿ ಯಶವಂತ ಸೋನಾವಣೆ ಅವರನ್ನು 2011ರ ಜನವರಿಯಲ್ಲಿ ಮನ್ಮಾಡ್ ಬಳಿ ಜೀವಂತ ಸುಟ್ಟರು. ಒಂದೇ ಸರಕಿಗೆ ಎರಡು ದರ ಇಟ್ಟರೆ ಮಹಡಿಗೆ ಕಳ್ಳಮೆಟ್ಟಿಲು ಕಟ್ಟಿಕೊಟ್ಟ ಹಾಗೆ.

ಇನ್ನು ಕಾಸರಗೋಡಿನವರಾದ ನಾವು ಅಗ್ಗ ಎಂಬುದನ್ನು ಸುಲಭಕ್ಕೆ ನಂಬಬಾರದು. 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಪ್ಲಾಂಟೇಷನ್ ಕಾರ್ಪೊರೇಷನ್ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಗೇರುಬೀಜದ ಲೆಕ್ಕದಲ್ಲಿ ಅದು ಲಾಭದ ಬಾಬತ್ತು. ನಷ್ಟದ ಬಾಬತ್ತು ಎಣ್ಮಕಜೆ ಪಂಚಾಯತಿನ ಪಡ್ರೆಯ ಮನೆಗಳಲ್ಲಿ, ಮಕ್ಕಳ ಮೈಮೇಲೆ ಬರೆದುಕೊಂಡಿತು. ಎಣ್ಣೆ, ಕಲ್ಲಿದ್ದಲಿನದೂ ಇದೇ ಕಥೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಂದಾಜಿನಂತೆ 2022ರಲ್ಲಿ ಜಗತ್ತಿನ ಸರ್ಕಾರಗಳು ಇಂಧನಕ್ಕೆ ನೇರವಾಗಿ ಕೊಟ್ಟ ಸಬ್ಸಿಡಿ 1.3 ಲಕ್ಷ ಕೋಟಿ ಡಾಲರ್. ದರದಲ್ಲಿ ಸೇರದ ಹೊಗೆ, ಕಾಯಿಲೆ, ಹವಾಮಾನ ಹಾನಿ ಮತ್ತು ಬಿಟ್ಟುಕೊಟ್ಟ ತೆರಿಗೆಯನ್ನೂ ಕೂಡಿದರೆ 7 ಲಕ್ಷ ಕೋಟಿ.

ನಿಲ್ಲಿಸಲು ಆಗದು ಎನ್ನುತ್ತಾರೆ. 2016ರ ಜುಲೈಯಿಂದ 25 ಪೈಸೆ, 25 ಪೈಸೆಯಂತೆ ದರ ಏರಿಸಿಯೇ ಕೇಂದ್ರ ತನ್ನ ಸೀಮೆಎಣ್ಣೆ ಸಬ್ಸಿಡಿಯನ್ನು ಸೊನ್ನೆಗೆ ತಂದಿತು. ಯಾರೂ ಬಸ್ಸಿಗೆ ಕಲ್ಲು ಹೊಡೆಯಲಿಲ್ಲ.

ವಿರೋಧ: ಈಗ ಉಳಿದಿರುವುದು ಯಾರ ಸಬ್ಸಿಡಿ?

ಕಲ್ಲು ಬೀಳಲಿಲ್ಲ, ನಿಜ. ಕಲ್ಲು ಹೊಡೆಯುವಷ್ಟು ಬಲ ಇಲ್ಲದವರ ಎಣ್ಣೆ ಅದು. 2022ರ ಹೊತ್ತಿಗೆ ಕೇರಳದ ರೇಷನ್ ಅಂಗಡಿಯಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿತು.

ಕಾರಿನವರು ಉಂಡರೆಂಬ ಲೆಕ್ಕ ಹಳೆಯದು. ಪೆಟ್ರೋಲಿನ ದರ 2010ರ ಜೂನ್‌ನಲ್ಲಿ, ಡೀಸೆಲಿನದು 2014ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಯ ಪಾಲಾಯಿತು. ಈಗ ಅವು ಸರ್ಕಾರಗಳಿಗೆ ಕರೆಯುವ ಹಸು. 2020ರ ಮೇಯಲ್ಲಿ ಕಚ್ಚಾತೈಲ ಪಾತಾಳಕ್ಕಿಳಿದಾಗ ಕೇಂದ್ರವು ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕವನ್ನು ಒಮ್ಮೆಗೇ ಏರಿಸಿತು. 2023ರ ಏಪ್ರಿಲ್‌ನಿಂದ ಕೇರಳ ತನ್ನ ಪಾಲಿಗೆ 2 ರೂಪಾಯಿ ಸೆಸ್ ಸೇರಿಸಿತು. ತಲಪಾಡಿ ಗಡಿ ದಾಟಿದೊಡನೆ ಸಿಗುವ ಕರ್ನಾಟಕದ ಬಂಕುಗಳಲ್ಲಿ ಕೆಎಲ್ 14 ನೋಂದಣಿಯ ಕಾಸರಗೋಡಿನ ಸ್ಕೂಟರುಗಳು ಏಕೆ ಸಾಲುಗಟ್ಟುತ್ತವೆ ಎಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾದರೆ ಇಂಧನ ಸಬ್ಸಿಡಿ ನಿಲ್ಲಲಿ ಎಂದಾಗ ಕತ್ತಿ ಬೀಳುವುದು ಎಲ್ಲಿಗೆ? ನಾಡದೋಣಿಯ 25 ರೂಪಾಯಿಗೆ, ಉಜ್ವಲ ಫಲಾನುಭವಿಯ ಸಿಲಿಂಡರಿನ 300 ರೂಪಾಯಿಗೆ.

ಆ 300 ಹೋದರೆ ಏನಾಗುತ್ತದೆಂದು ಊಹಿಸಲು ತಜ್ಞರು ಬೇಡ. ನಮ್ಮ ಹಿತ್ತಿಲಿನಲ್ಲಿ ತೆಂಗಿನ ಮಡಲಿದೆ, ಗೆರಟೆಯಿದೆ, ಅಡಕೆ ಸೋಗೆಯಿದೆ. ಸಿಲಿಂಡರ್ ಮೂಲೆ ಸೇರುತ್ತದೆ, ನೆಂಟರು ಬಂದಾಗ ಚಹಾಕ್ಕೆ ಮಾತ್ರ ಉರಿಯುತ್ತದೆ. ಜೂನ್ ತಿಂಗಳಿನಲ್ಲಿ ಒದ್ದೆ ಮಡಲು ಊದಿ ಊದಿ ಕುಚ್ಚಲಕ್ಕಿ ಬೇಯಿಸುವ ಹೆಂಗಸಿನ ಕಣ್ಣು, ಎದೆ ಯಾವ ಹಣಕಾಸು ನಿಧಿಯ ಕೋಷ್ಟಕದಲ್ಲಿದೆಯೋ ಕಾಣೆ. ಹೊಗೆಯನ್ನು ಕಾರ್ಖಾನೆಯದೆಂದು ಮಾತ್ರ ಎಣಿಸುವವರು ಒಮ್ಮೆ ಆ ಅಡುಗೆಮನೆಯಲ್ಲಿ ನಿಲ್ಲಲಿ.

ದೋಣಿಯ ಮಾತೂ ಅಷ್ಟೇ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್, ಅಂದರೆ ದೊಡ್ಡ ಯಂತ್ರದೋಣಿಗಳು ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಆಗ ಕಡಲಿಗಿಳಿಯುವುದು ನಾಡದೋಣಿ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ತೆರೆ ಎದ್ದು ಬೀಳುವಾಗ, ಎರಡು ತೆರೆಗಳ ನಡುವಿನ ಬಿಡುವಿನಲ್ಲಿ ದೋಣಿಯನ್ನು ಹೊರಕ್ಕೆ ನುಗ್ಗಿಸಬೇಕು. ಎಂಜಿನ್ ಅರೆಕ್ಷಣ ಕೈಕೊಟ್ಟರೂ ದೋಣಿ ಮಗುಚುತ್ತದೆ. ಆ ಕೆಲಸಕ್ಕೆ ಬ್ಯಾಟರಿಯ ಎಂಜಿನ್ ನಮ್ಮ ಕೈಗೆಟಕುವ ದರದಲ್ಲಿ ಬಂದಿಲ್ಲ. ನಮ್ಮ ಜಿಲ್ಲೆಯ ಪೈವಳಿಕೆಯಲ್ಲಿ, ಅಂಬಲತ್ತರದಲ್ಲಿ ಸೌರಫಲಕಗಳು ಸಾಲಾಗಿ ಹೊಳೆಯುತ್ತಿವೆ, ಸಂತೋಷ. ಆ ಕರೆಂಟು ದೋಣಿಗೆ ಇಳಿಯುವುದಿಲ್ಲ. ಬೂತಾಯಿಯ ಲೆಕ್ಕದಲ್ಲಿಯೂ ಪರವಾದಿಗಳು 2021ಕ್ಕೇ ನಿಂತರು. ಮರುವರ್ಷವೇ ಅದು ಲಕ್ಷ ಟನ್ ಮುಟ್ಟಿತು. ಮೀನು ಮರಳಿದಾಗ ಬೆನ್ನು ಹತ್ತಲು ಎಣ್ಣೆ ಬೇಡವೇ?

ಎಂಡೋಸಲ್ಫಾನ್ ನೆನಪಿಸಿದ್ದು ಒಳ್ಳೆಯದಾಯಿತು. ಯಾರನ್ನು ಕೇಳದೆಯೇ ಏನು ಬೇಕಾದರೂ ಮಾಡಬಹುದೋ ಅವರ ನೆತ್ತಿಯ ಮೇಲೆ ಸುರಿದರು. ಐದು ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟೇ 2017ರಲ್ಲಿ ಹೇಳಬೇಕಾಯಿತು. ಸಿಂಪಡಣೆ ನಿಂತು ಆಗ ಹದಿನೇಳು ವರ್ಷ.

ಖಾತೆಗೆ ಹಣ ಹಾಕುತ್ತೇವೆ ಎಂಬ ಮಾತಿಗೂ ಇಲ್ಲಿಯೇ ಉತ್ತರವಿದೆ. ಗ್ಯಾಸ್ ಸಬ್ಸಿಡಿ ಖಾತೆಗೇ ಬರುತ್ತಿತ್ತು. 2020ರ ಮೇಯಿಂದ ಬಹುತೇಕ ಮನೆಗಳಿಗೆ ಅದು ಸದ್ದಿಲ್ಲದೆ ನಿಂತುಹೋಯಿತು. ಲೀಟರಿನ ದರ ಏರಿದರೆ ಪಂಪಿನ ಮುಂದೆ ಗೊತ್ತಾಗುತ್ತದೆ, ಜಗಳಕ್ಕಾದರೂ ನಾಲ್ಕು ಜನ ಸೇರುತ್ತಾರೆ. ಖಾತೆಯ ಹಣ ನಿಂತದ್ದು ಪಾಸ್‌ಬುಕ್ ತೆರೆಯುವವರೆಗೆ ತಿಳಿಯುವುದಿಲ್ಲ. ತೆರೆಗೆ ಅಂಜದ ಬೇರೆ ಎಂಜಿನ್ ಕಡಲತೀರಕ್ಕೆ ಬರಲಿ, ಅದಕ್ಕೆ ಸಾಲವಲ್ಲದ ಹಣ ಸಿಗಲಿ. 25 ರೂಪಾಯಿಯನ್ನು ಹಿಂದಕ್ಕೆ ಪಡೆಯುವ ಮಾತನ್ನು ಆಮೇಲೆ ಆಡೋಣ.