ಕತ್ತಲಿಗೆ ಸರಿದ ಅಕ್ಕಂದಿರು

ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ 1882ರಲ್ಲಿ ಬರೆದ ನಾಲ್ವರು ಬಾಯ್ಟ್ ಸಹೋದರಿಯರ ಚಿತ್ರದ ಬಗ್ಗೆ ಒಂದು ಲೇಖನ ಓದಿದೆ. ಚಿತ್ರದಲ್ಲಿ ದೊಡ್ಡವರಿಬ್ಬರು ಕತ್ತಲಲ್ಲಿ ನಿಂತಿರುವುದನ್ನು ಲೇಖಕರು ಬರೀ ದುಃಖ ಅಂತ ಓದಿದ್ದಾರೆ. ನನಗೆ ಹಾಗನ್ನಿಸಲಿಲ್ಲ. 4 ವರ್ಷದ ಜೂಲಿಯಾ ಬೆಳಕಿನಲ್ಲಿ ಗೊಂಬೆ ಇಟ್ಟುಕೊಂಡು ಕೂತಿದ್ದಾಳೆ. ಯಾರು ನೋಡಿದರೂ ಅವಳಿಗೇನಂತೆ! 8ರ ಹುಡುಗಿ ಪಾಠ ಒಪ್ಪಿಸುವವಳ ಹಾಗೆ ಕೈ ಹಿಂದೆ ಕಟ್ಟಿ ನಿಂತಿದ್ದಾಳೆ. ಕತ್ತಲಲ್ಲಿರುವ 14ರ ಫ್ಲಾರೆನ್ಸ್ ಮಾತ್ರ ಆಳೆತ್ತರದ ಹೂದಾನಿಗೆ ಒರಗಿ, ಮುಖವನ್ನೇ ಪಕ್ಕಕ್ಕೆ ತಿರುಗಿಸಿದ್ದಾಳೆ. ನನಗೆ ಅಲ್ಲಿ ಕಂಡಿದ್ದು ಸಂಕೋಚ. ಬೇರೆಯವರು ತನ್ನನ್ನು ನೋಡುತ್ತಿದ್ದಾರೆ ಅಂತ ಗೊತ್ತಾಗುವ ವಯಸ್ಸು ಅದು, ಅಲ್ವಾ? ಮೊಬೈಲ್ ಎತ್ತಿದರೆ ನಮ್ಮ ಮನೆಯ ಹೈಸ್ಕೂಲು ಹುಡುಗಿಯೂ ಹೀಗೇ ತಿರುಗಿಕೊಳ್ಳುತ್ತಾಳೆ. ಅಂದಹಾಗೆ, ಆ ಜಪಾನಿ ಹೂದಾನಿಗಳು ಕಲ್ಪನೆಯಲ್ಲ. ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿ ಚಿತ್ರದ ಅಕ್ಕಪಕ್ಕವೇ ಇಟ್ಟಿದ್ದಾರೆ. ಲೇಖನದಲ್ಲಿ ಅದನ್ನೂ ಹೇಳಬಹುದಿತ್ತು.