ಎರಡು ದಿನದಲ್ಲಿ ಮುಕ್ತಿ, ಊಟ ಸೇರಿ

ನಮ್ಮ ಭಾವ ಈಗ ಮುಕ್ತರು. ಕಳೆದ ಶನಿವಾರ ಬೆಳಿಗ್ಗೆ ಹೋದರು, ಆದಿತ್ಯವಾರ ಸಂಜೆ ಮುಕ್ತರಾಗಿ ಬಂದರು. ಕಾಸರಗೋಡು ಪೇಟೆಯ ಒಂದು ಏಸಿ ಹಾಲಿನಲ್ಲಿ ಸುಪ್ತ ಮನಸ್ಸಿನ ಶಿಬಿರ. ₹4,999, ಊಟ ಸೇರಿ. ಜಿಎಸ್‌ಟಿ ಬೇರೆ.

"ಮುಕ್ತಿಗೂ ಜಿಎಸ್‌ಟಿ ಉಂಟಾ ಭಾವ?" ಎಂದು ಕೇಳಿದೆ.

"ನಿನ್ನ ಸುಪ್ತ ಮನಸ್ಸಿನಲ್ಲಿ ಬಡತನ ಕೂತಿದೆ. ಅದೇ ಹೀಗೆ ಕೇಳಿಸುವುದು" ಎಂದರು.

ಸುಪ್ತ ಮನಸ್ಸು ಅಂದರೆ ಈಗಿನ ಶನಿ. ಮೊದಲೆಲ್ಲ ಮಗನಿಗೆ ಹೆಣ್ಣು ಸಿಗದಿದ್ದರೆ, ಬ್ಯಾಂಕಿನ ಸಾಲ ತೀರದಿದ್ದರೆ ಜೋಯಿಸರು ಕವಡೆ ಹಾಕುತ್ತಿದ್ದರು. ಗ್ರಹದ್ದು ಒಂದು ಉಪಕಾರವಿತ್ತು, ತಪ್ಪು ನಮ್ಮದಲ್ಲ ಎನ್ನಬಹುದಿತ್ತು. ಶನಿ ಒಂದು ಕುಡ್ತೆ ಎಳ್ಳೆಣ್ಣೆಗೆ ಸಮಾಧಾನ ಆಗುತ್ತಿದ್ದ. ಈ ಹೊಸ ಶನಿಗೆ ಅಡ್ವಾನ್ಸ್ಡ್ ಕೋರ್ಸೇ ಬೇಕು.

ಶಿಬಿರದ ಗುರುಗಳು ಬೆಂಗಳೂರಿನವರು. ಪರದೆಯ ಮೇಲೆ ಹಿಮದ ಗುಡ್ಡೆಯೊಂದನ್ನು ತೋರಿಸಿ, "ನಿಮ್ಮ ಮನಸ್ಸಿನ ಶೇಕಡಾ 95 ಹೀಗೇ ನೀರಿನ ಅಡಿಯಲ್ಲಿದೆ" ಎಂದರಂತೆ. ನಾವು ಹಿಮ ಅಂತ ಕಂಡದ್ದು ಮೀನಿನ ಲಾರಿಯಲ್ಲಿ ಮಾತ್ರ. ಆ 95 ಅನ್ನು ಯಾರು, ಯಾವ ಸೇರಿನಲ್ಲಿ ಅಳೆದರೋ! ಪಕ್ಕದಲ್ಲಿ ಮನಸ್ಸಿನ ಡಾಕ್ಟರ್ ಫ್ರಾಯ್ಡ್ ಫೋಟೋ ಬೇರೆ ಇತ್ತಂತೆ. ಸುಪ್ತ ಮನಸ್ಸಿಗೆ ಇಂಗ್ಲಿಷಿನಲ್ಲಿ ಹೇಳುವ 'ಸಬ್‌ಕಾನ್ಶಿಯಸ್' ಎಂಬ ಶಬ್ದವೇ ಗೊಂದಲದ್ದು, ಬೇಡ ಎಂದು ಬರೆದಿಟ್ಟ ಮನುಷ್ಯ ಅವರು. ಫೋಟೋಗೆ ಬಾಯಿ ಇಲ್ಲ ನೋಡಿ.

ಮಂತ್ರವೂ ಕೊಟ್ಟಿದ್ದಾರೆ. ದಿನದಿಂದ ದಿನಕ್ಕೆ ಎಲ್ಲ ರೀತಿಯಲ್ಲೂ ಸುಧಾರಿಸುತ್ತಿದ್ದೇನೆ, ಇಪ್ಪತ್ತು ಸಲ. ಹೊಸ ಸಂಶೋಧನೆ ಎಂದು ಭಾವ ಹೇಳಿದರು. ಫ್ರಾನ್ಸಿನ ಎಮಿಲ್ ಕೂಯೆ ಎಂಬ ಔಷಧಿ ವ್ಯಾಪಾರಿ ಇದನ್ನೇ, ಇಪ್ಪತ್ತೇ ಸಲ, ರೋಗಿಗಳಿಂದ ಹೇಳಿಸುತ್ತಿದ್ದ. ಅವನು ಸತ್ತದ್ದೇ 1926ರಲ್ಲಿ.

ಆಮೇಲೆ ನಮ್ಮ ಊರಿನದ್ದೇ ಒಂದು ತೊಡಕು ಎದುರಾಯಿತು. "ಕಣ್ಣು ಮುಚ್ಚಿ, ಒಳಗಿನ ದನಿ ಕೇಳಿ" ಎಂದು ಗುರುಗಳು ಇಂಗ್ಲಿಷಿನಲ್ಲಿ ಅಪ್ಪಣೆ ಮಾಡಿದರು. ಕಾಸರಗೋಡಿನ ಮನುಷ್ಯನ ಒಳಗಿನ ದನಿ ಒಂದೇ ಭಾಷೆಯಲ್ಲಿ ಇರ್ತದಾ ಮಾರಾಯ್ರೇ? ಅಮ್ಮ ಬೈದದ್ದು ಹವ್ಯಕದಲ್ಲಿ, ಆಟ ಆಡಿದ್ದು ತುಳುವಿನಲ್ಲಿ, ಶಾಲೆ ಕನ್ನಡದಲ್ಲಿ. 1956ರಿಂದ ಕೇರಳದಲ್ಲಿ ಇದ್ದೇವೆ, ಹಾಗಾಗಿ ಕಚೇರಿಯ ಭಯ ಮಲಯಾಳದಲ್ಲಿ. ಭಾವನಿಗೆ ಒಳಗಿಂದ ಮೊದಲು ಕೇಳಿದ್ದು "ನಾಳೆ ವರೂ", ಅಂದರೆ ನಾಳೆ ಬನ್ನಿ, ಅಂತೆ. ವಿಲೇಜ್ ಆಫೀಸಿನವರು ಅಷ್ಟು ಆಳಕ್ಕೆ ಇಳಿದಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ.

ಇದೇ ಜಿಲ್ಲೆಯ ಹೊಸದುರ್ಗದಲ್ಲಿ ಹುಟ್ಟಿದ ವಿಠಲ ರಾವ್ 1922ರಲ್ಲಿ ಮನೆ ಬಿಟ್ಟು, ಕೈಯಲ್ಲಿ ಕಾಸಿಲ್ಲದೆ ರಾಮನಾಮ ಹೇಳುತ್ತ ದೇಶ ಸುತ್ತಿದರು. ಸ್ವಾಮಿ ರಾಮದಾಸ್ ಆದರು. 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮ ಕಟ್ಟಿದರು. ಅಲ್ಲಿ ಈಗಲೂ ಜಪ ನಡೆಯುತ್ತದೆ, ಹೋಗಿ ಕೂತರಾಯಿತು. "ಅಲ್ಲಿಗೆ ಹೋಗಬಹುದಿತ್ತಲ್ಲಾ ಭಾವ?" ಎಂದೆ.

"ಅಲ್ಲಿ ಸರ್ಟಿಫಿಕೇಟ್ ಕೊಡುವುದಿಲ್ಲ" ಎಂದರು. ನ್ಯಾಯವಾದ ಮಾತು. ಸರ್ಟಿಫಿಕೇಟ್ ಇಲ್ಲದಿದ್ದರೆ ಮುಕ್ತರಾದದ್ದು ವಾಟ್ಸ್ಯಾಪಿನವರಿಗೆ ಗೊತ್ತಾಗುವುದು ಹೇಗೆ?

ಈಗ ಅದು ಜಗಲಿಯ ಗೋಡೆಯಲ್ಲಿದೆ. ಅದರ ಕೆಳಗೆ ಕೂತು ಭಾವ ಬೆಳಿಗ್ಗೆ ತಮ್ಮ ಉಸಿರನ್ನು ನೋಡುತ್ತಾರೆ, ಸಂಜೆ ತಮ್ಮ ಯೋಚನೆಯನ್ನು ನೋಡುತ್ತಾರೆ. ತೋಟ ನೋಡುವವರಿಲ್ಲ. ಮಳೆ ಹಿಡಿದಿದೆ, ಅಡಿಕೆಗೆ ಕೊಳೆರೋಗ ಶುರುವಾಗುವ ಹೊತ್ತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊಳೆಗೆ ಬಿಡುವ ಈ ಬೋರ್ಡೋ ಮದ್ದಿನ ಲೆಕ್ಕ ಅವರಿಗೆ ನಿದ್ದೆಯಲ್ಲೂ ಬರುತ್ತದೆ. ಆದರೆ ಸುಪ್ತ ಮನಸ್ಸಿಗೆ 'ನನ್ನ ತೋಟದಲ್ಲಿ ಕೊಳೆ ಇಲ್ಲ' ಎಂದು ದಿನವೂ ಹೇಳುತ್ತಿದ್ದಾರಂತೆ, ಮದ್ದು ಬಿಡುವ ಅಗತ್ಯ ಬೀಳದು ಅಂತೆ.

ಒಳಗಿನಿಂದ ಅಕ್ಕ ಬಂದು ಚಾ ಲೋಟ ಕುಕ್ಕಿ ಇಟ್ಟಳು.

"ಆ ನಿಮ್ಮ ಸುಪ್ತ ಮನಸ್ಸಿಗೆ ಮರ ಹತ್ತಲಿಕ್ಕೆ ಬರ್ತದಾ ಕೇಳಿ. ಬರುವುದಾದರೆ ನಾಳೆಯೇ ಬರಲಿ. ಸಂಬಳ ಕೊಡುವ."